ಹೊಸಬರಿಗೆ ಮಾರ್ಗದರ್ಶಿ: ಸೆಕೆಂಡ್ ಹ್ಯಾಂಡ್ ಟಿವಿ ರೆಕಾರ್ಡರ್ ಕೊಳ್ಳುವ ಮುಂಚೆ

ಯುಕೆಗೆ ಬಂದು ಮನೆ ಹಿಡಿದು, ಮಕ್ಕಳ ಸ್ಕೂಲು, ಜಿಪಿ ರಿಜಿಸ್ಟ್ರೇಷನ್ ಎಲ್ಲ ಮುಗಿದ ಮೇಲೆ ಟಿವಿ ಕಡೆ ಗಮನ ಹೋಗುತ್ತದೆ. ಆಗ ಇಲ್ಲಿನ ಕನ್ನಡಿಗರ ನಮ್ಮ ಗ್ರೂಪಿನಲ್ಲಿ ಪ್ರಶ್ನೆ ಬರುತ್ತದೆ: "ಇಲ್ಲಿ ಟಾಟಾ ಸ್ಕೈ ಥರ ಯಾವುದು ಹಾಕಿಸಿಕೊಳ್ಳೋದು?" ಏನೂ ಹಾಕಿಸಿಕೊಳ್ಳಬೇಕಾಗಿಲ್ಲ. ಇಲ್ಲಿ ಫ್ರೀವ್ಯೂ ಇದೆ. ಛಾವಣಿ ಮೇಲಿನ ಆಂಟೆನಾದಿಂದ ಬಿಬಿಸಿ, ಐಟಿವಿ, ಚಾನೆಲ್ 4, ಚಾನೆಲ್ 5, ಮಕ್ಕಳಿಗೆ ಸಿಬೀಬೀಸ್ ಎಲ್ಲ ಬರುತ್ತವೆ. ತಿಂಗಳ ಬಿಲ್ ಇಲ್ಲ. ಅದನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ ಹಳೇದು ಬೇಕಾದಷ್ಟು ಸಿಗುತ್ತದೆ. ಒಮ್ಮೆ ಕೊಂಡರೆ ಅದು ನಿಮ್ಮದೇ.

ಊರಿನಿಂದ ಸೆಟ್ ಟಾಪ್ ಬಾಕ್ಸ್ ಸೂಟ್‌ಕೇಸಿನಲ್ಲಿ ತರುವವರು ಈಗಲೂ ಇದ್ದಾರೆ. ದಯವಿಟ್ಟು ತರಬೇಡಿ. ಆ ಜಾಗದಲ್ಲಿ ಇನ್ನೆರಡು ಕೆಜಿ ಸಾರಿನಪುಡಿ ತನ್ನಿ. ಮತ್ತೆ, ಫ್ರೀವ್ಯೂನಲ್ಲಿ ಕನ್ನಡ ಚಾನೆಲ್ ಇಲ್ಲ. ಇಂಗ್ಲೆಂಡಿನಲ್ಲಿ ನಡೆಯುವ ಟೆಸ್ಟ್ ಮ್ಯಾಚುಗಳ ನೇರಪ್ರಸಾರವೂ ದುಡ್ಡು ಕೊಡುವ ಚಾನೆಲ್‌ನಲ್ಲೇ. ಅದಕ್ಕೆಂದು ಪೆಟ್ಟಿಗೆ ಕೊಳ್ಳುವುದಾದರೆ ಇಲ್ಲಿಗೇ ಓದುವುದು ನಿಲ್ಲಿಸಿ.

ಮೊದಲು ಲೈಸೆನ್ಸ್

"ಫ್ರೀ ಅಂದ್ರಲ್ಲ, ಮತ್ತೆ ಇದೇನು?" ಎಂದು ಕೇಳಬೇಡಿ. ನಮ್ಮ ಅಜ್ಜಂದಿರು ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಕಟ್ಟುತ್ತಿದ್ದರು, ಅಲ್ವಾ? ಇಲ್ಲಿ ಟಿವಿಗೆ ಅದು ಇನ್ನೂ ಇದೆ. 2025ರ ಏಪ್ರಿಲ್‌ನಲ್ಲಿ ವರ್ಷಕ್ಕೆ 174.50 ಪೌಂಡ್ ಆಯಿತು. ದರ ಬದಲಾಗುತ್ತಿರುತ್ತದೆ, ಕಟ್ಟುವಾಗ ನೋಡಿಕೊಳ್ಳಿ. ಒಟ್ಟಿಗೆ ಕಟ್ಟಬೇಕೆಂದಿಲ್ಲ, ಕಂತು ಮಾಡಿಕೊಳ್ಳಬಹುದು. ಲೈಸೆನ್ಸ್ ಇಲ್ಲದೆ ನೋಡಿ ಸಿಕ್ಕಿಬಿದ್ದರೆ ಕೋರ್ಟಿನಲ್ಲಿ 1,000 ಪೌಂಡ್‌ವರೆಗೆ ದಂಡ ಹಾಕಬಹುದು.

ನಮ್ಮವರು ಎಡವುವ ಜಾಗ ಬೇರೆ. "ನಾವು ಬಿಬಿಸಿ ನೋಡೋದೇ ಇಲ್ಲ, ಆ್ಯಪ್‌ನಲ್ಲಿ ಕನ್ನಡ ನ್ಯೂಸ್ ಮಾತ್ರ" ಎನ್ನುತ್ತಾರೆ. ಆ ಕನ್ನಡ ನ್ಯೂಸ್ ನೇರಪ್ರಸಾರವಾಗಿದ್ದರೆ ಅದಕ್ಕೂ ಲೈಸೆನ್ಸ್ ಬೇಕು. ಯಾವ ದೇಶದ ಚಾನೆಲ್ ಆಗಲಿ, ಟಿವಿ, ಫೋನ್, ಲ್ಯಾಪ್‌ಟಾಪ್ ಏನೇ ಆಗಲಿ, ಪ್ರಸಾರ ಆಗುತ್ತಿರುವಾಗಲೇ ನೋಡಿದರೆ ಅಥವಾ ರೆಕಾರ್ಡ್ ಮಾಡಿಕೊಂಡರೆ ಲೈಸೆನ್ಸ್ ಬೇಕೇ ಬೇಕು. ಬಿಬಿಸಿ ಐಪ್ಲೇಯರ್‌ನಲ್ಲಿ ಹಳೇ ಕಾರ್ಯಕ್ರಮ ನೋಡುವುದಕ್ಕೂ ಬೇಕು. ನಿನ್ನೆಯ ಧಾರಾವಾಹಿಯನ್ನು ಬೇರೆ ಆ್ಯಪ್‌ನಲ್ಲಿ ಇವತ್ತು ನೋಡಿದರೆ ಬೇಡ. ರೆಕಾರ್ಡರ್ ಇಟ್ಟುಕೊಂಡು ಚಾನೆಲ್ ಹಿಡಿಯುತ್ತೀರಿ ಎಂದರೆ ಚರ್ಚೆಯೇ ಇಲ್ಲ, ಕಟ್ಟಿ.

ಲೈಸೆನ್ಸ್ ಇಲ್ಲದ ವಿಳಾಸಕ್ಕೆ "ಲೀಗಲ್ ಆಕ್ಯುಪೈಯರ್" (ಅಂದರೆ ಆ ಮನೆಯಲ್ಲಿ ವಾಸವಿರುವವರು) ಎಂಬ ಹೆಸರಿಗೆ ಕಾಗದಗಳು ಬರುತ್ತವೆ. ಕೆಂಪು ಅಕ್ಷರ, ತನಿಖೆ, ಕೋರ್ಟು ಅಂತೆಲ್ಲ ಇರುತ್ತದೆ. ಬಂದ ಹೊಸದರಲ್ಲಿ ಇದನ್ನು ನೋಡಿ ವೀಸಾಕ್ಕೇ ತೊಂದರೆ ಆಯಿತೇನೋ ಎಂದು ರಾತ್ರಿ ಫೋನ್ ಮಾಡಿದವರು ನಮ್ಮಲ್ಲಿ ಒಬ್ಬರಿಬ್ಬರಲ್ಲ. ಹೆದರಬೇಡಿ. ಹರಿದು ಬಿಸಾಡಲೂಬೇಡಿ. ಟಿವಿ ನೋಡುವುದಿದ್ದರೆ ಕಟ್ಟಿ, ಇಲ್ಲದಿದ್ದರೆ ಬೇಕಿಲ್ಲ ಎಂದು ಆನ್‌ಲೈನ್‌ನಲ್ಲಿ ತಿಳಿಸಿ. ಬಾಗಿಲಿಗೆ ಲೈಸೆನ್ಸ್‌ನವರು ಯಾರಾದರೂ ಬಂದರೂ ವಾರಂಟ್ ಇಲ್ಲದೆ ಒಳಗೆ ಬರುವ ಹಕ್ಕು ಅವರಿಗಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡುವ ನಮ್ಮ ಅಭ್ಯಾಸ ಇಲ್ಲಿ ಬೇಡ.

ಪೆಟ್ಟಿಗೆಗಿಂತ ಮುಂಚೆ ಗೋಡೆ ನೋಡಿ

ನಮ್ಮವರು ಆಫರ್ ನೋಡಿ ಕೊಂಡು, ಮನೆಗೆ ತಂದು, ಆಮೇಲೆ ವೈರ್ ಎಲ್ಲಿ ಸಿಕ್ಕಿಸೋದು ಎಂದು ಕೇಳುತ್ತಾರೆ. ಉಲ್ಟಾ ಮಾಡಿ. ಹಾಲ್‌ನಲ್ಲಿ ಟಿವಿ ಇಡುವ ಮೂಲೆಗೆ ಹೋಗಿ ಬಗ್ಗಿ ನೋಡಿ. ತಳ್ಳಿ ಕೂರಿಸುವ ದುಂಡನೆ ಕಿಂಡಿ ಇದ್ದರೆ ಅದು ಸಾಮಾನ್ಯವಾಗಿ ಆಂಟೆನಾ. ಅಲ್ಲಿಗೆ ಫ್ರೀವ್ಯೂ ಪೆಟ್ಟಿಗೆ. ಸುತ್ತ ಸ್ಕ್ರೂನಂತೆ ಸುರುಳಿ ಗೆರೆ ಇರುವ ತೂತಾಗಿದ್ದು, ತಿರುಗಿಸಿ ಬಿಗಿ ಮಾಡುವಂತಿದ್ದರೆ ಅದು ಬಹುತೇಕ ಡಿಶ್‌ನಿಂದ ಬಂದದ್ದು. ಅಲ್ಲಿಗೆ ಫ್ರೀಸ್ಯಾಟ್ ಪೆಟ್ಟಿಗೆ. ಅದಕ್ಕೂ ತಿಂಗಳ ದುಡ್ಡಿಲ್ಲ. ಹೊಸ ಫ್ಲ್ಯಾಟ್‌ಗಳಲ್ಲಿ ಒಂದೇ ಪ್ಲೇಟಿನ ಮೇಲೆ ಟಿವಿ, ಎಫ್‌ಎಂ, ಸ್ಯಾಟ್ ಎಂದು ಬರೆದಿರುತ್ತದೆ.

ಗೋಡೆಯಲ್ಲಿ ಕಿಂಡಿ ಇದೆ ಎಂದ ಮಾತ್ರಕ್ಕೆ ಛಾವಣಿಯಲ್ಲಿ ಆಂಟೆನಾ ಇದೆ ಎಂದಲ್ಲ. ಟಿವಿಯನ್ನು ನೇರವಾಗಿ ಸಿಕ್ಕಿಸಿ ಚಾನೆಲ್ ಹುಡುಕಿಸಿ. ಟಿವಿಗೆ ಬಂದರೆ ಪೆಟ್ಟಿಗೆಗೂ ಬರುತ್ತದೆ.

ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಡಿಶ್ ಇದ್ದರೆ ಒಳ್ಳೆಯದೇ, ಆದರೆ ಒಂದು ಕಂಟಕ ಇದೆ. ಅವರು ಸ್ಕೈ ಕ್ಯೂ (ಸ್ಕೈ ಕಂಪನಿಯ ಚಂದಾ ಸೇವೆ) ಹಾಕಿಸಿದ್ದರೆ ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗವಾದ ಎಲ್‌ಎನ್‌ಬಿಯನ್ನು ಬೇರೆ ಜಾತಿಯದಕ್ಕೆ ಬದಲಾಯಿಸಿರುತ್ತಾರೆ. ಹಳೇ ಫ್ರೀಸ್ಯಾಟ್ ಪೆಟ್ಟಿಗೆಗೆ ಅದು ಆಗುವುದಿಲ್ಲ. ಒಂದು ನೋಡುತ್ತಾ ಇನ್ನೊಂದು ರೆಕಾರ್ಡ್ ಆಗಬೇಕಾದರೆ ಹಳೇ ಫ್ರೀಸ್ಯಾಟ್ ರೆಕಾರ್ಡರ್‌ಗೆ ಡಿಶ್‌ನಿಂದ ಎರಡು ಕೇಬಲ್ ಬೇಕು, ಒಂದೇ ಇದ್ದರೆ ಅರ್ಧ ಉಪಯೋಗ. ಹೊಸದಾಗಿ ಡಿಶ್ ಹಾಕಿಸುವುದಾದರೆ ಲ್ಯಾಂಡ್‌ಲಾರ್ಡ್‌ನ ಒಪ್ಪಿಗೆಯನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಡಿಪಾಸಿಟ್ ವಾಪಸ್ ಕೊಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಯಾವುದು ಬೇಡ

ಸ್ಕೈ ಪ್ಲಸ್, ಅಂದರೆ ಸ್ಕೈನ ಹಳೇ ರೆಕಾರ್ಡರ್. ಕಡಿಮೆ ಬೆಲೆಗೆ ಸಿಗುತ್ತದೆ, ನೋಡಲು ಗಟ್ಟಿಮುಟ್ಟಾಗಿರುತ್ತದೆ. ಚಂದಾ ಇಲ್ಲದಿದ್ದರೆ ಉಚಿತ ಚಾನೆಲ್ ಕಾಣಿಸುತ್ತವೆ, ರೆಕಾರ್ಡಿಂಗ್ ಮಾತ್ರ ಆಗುವುದಿಲ್ಲ. ಒಳಗೆ ಹಾರ್ಡ್ ಡಿಸ್ಕ್ ಇದ್ದೂ ಇಲ್ಲದಂತೆ. "ಇದರಲ್ಲಿ ಏನೋ ಸೆಟ್ಟಿಂಗ್ ಮಾಡಿದರೆ ಆಗುತ್ತೆ" ಎಂದು ಮಾರುವವರು ಹೇಳಿದರೆ, ಮಾಡಿ ತೋರಿಸಿ ಎನ್ನಿ.

ಸ್ಕೈ ಕ್ಯೂ, ವರ್ಜಿನ್ ಮೀಡಿಯಾ ಪೆಟ್ಟಿಗೆಗಳು ಚಂದಾದಾರರಿಗೆ ಬಳಸಲು ಕೊಟ್ಟ ಕಂಪನಿಯ ಸ್ವತ್ತು. ಮಾರುವವರದ್ದೇ ಅಲ್ಲದ್ದನ್ನು ನೀವೇಕೆ ಕೊಳ್ಳುತ್ತೀರಿ?

ಎಚ್‌ಡಿ ಇಲ್ಲದ ಹಳೇ ಫ್ರೀವ್ಯೂ ಪೆಟ್ಟಿಗೆಯೂ ಬೇಡ. ಎಚ್‌ಡಿ ಚಾನೆಲ್‌ಗಳು ಬರುವುದು ಡಿವಿಬಿ-ಟಿ2 ಎಂಬ ಹೊಸ ಬಗೆಯಲ್ಲಿ, ಹಳೇ ಟ್ಯೂನರ್‌ಗೆ ಅದು ತಿಳಿಯುವುದಿಲ್ಲ. ಎಚ್‌ಡಿ ಇಲ್ಲದ ಫ್ರೀಸ್ಯಾಟ್ ಪೆಟ್ಟಿಗೆ ಇನ್ನೂ ವೇಸ್ಟ್. 2024ರ ಜನವರಿಯಲ್ಲಿ ಬಿಬಿಸಿ ಸ್ಯಾಟಲೈಟ್‌ನಲ್ಲಿ ಎಸ್‌ಡಿ (ಎಚ್‌ಡಿ ಅಲ್ಲದ ಹಳೇ ಗುಣಮಟ್ಟದ) ಪ್ರಸಾರ ನಿಲ್ಲಿಸಿತು.

ಯಾವುದು ಸರಿ

ಹ್ಯೂಮ್ಯಾಕ್ಸ್ ಎಫ್‌ವಿಪಿ-5000ಟಿ ಅಥವಾ ಎಫ್‌ವಿಪಿ-4000ಟಿ, ಮ್ಯಾನ್‌ಹಟನ್ ಟಿ3-ಆರ್. ಬಜೆಟ್ ಕಮ್ಮಿ ಇದ್ದರೆ ಹ್ಯೂಮ್ಯಾಕ್ಸ್ ಎಚ್‌ಡಿಆರ್-2000ಟಿ. ಡಿಶ್ ಇದ್ದರೆ ಹ್ಯೂಮ್ಯಾಕ್ಸ್ ಎಚ್‌ಡಿಆರ್-1000ಎಸ್. 500 ಜಿಬಿ ಸಾಕು, ಎಚ್‌ಡಿಯಲ್ಲೇ ನೂರು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಅಷ್ಟು ನೋಡುವಷ್ಟು ಪುರುಸೊತ್ತು ಯಾರಿಗಿದೆ?

ಪೆಟ್ಟಿಗೆಯಲ್ಲಿ ನೆಟ್‌ಫ್ಲಿಕ್ಸ್, ಐಪ್ಲೇಯರ್ ಇದೆ ಎಂದು ಜಾಸ್ತಿ ದುಡ್ಡು ಕೊಡಬೇಡಿ. ಹಳೇ ಪೆಟ್ಟಿಗೆಗಳಲ್ಲಿ ಆ್ಯಪ್‌ಗಳು ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ಅದಕ್ಕೆ ಟಿವಿ ಸ್ಟಿಕ್ ಇಟ್ಟುಕೊಳ್ಳಿ. ರೆಕಾರ್ಡರ್ ರೆಕಾರ್ಡ್ ಮಾಡಿದರೆ ಸಾಕು.

ಎಲ್ಲಿ ಸಿಗುತ್ತದೆ

- ಹಳೇ ಎಲೆಕ್ಟ್ರಾನಿಕ್ಸ್ ಮಾರುವ ಸೀಈಎಕ್ಸ್ (CeX) ಅಂಗಡಿ: ಬೆಲೆ ತುಸು ಜಾಸ್ತಿ, ವಾರಂಟಿ ಇದೆ
- ಎಲೆಕ್ಟ್ರಿಕಲ್ ಸಾಮಾನು ಮಾರುವ ಚಾರಿಟಿ ಅಂಗಡಿಗಳು
- ಈಬೇ, ಗಮ್‌ಟ್ರೀ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್
- ಊರಿಗೆ ವಾಪಸ್ ಹೋಗುವ ನಮ್ಮ ಕುಟುಂಬಗಳು (ಗ್ರೂಪಿನಲ್ಲಿ ಒಮ್ಮೆ ಕೇಳಿ, ದಿನಾ ಕೇಳಬೇಡಿ)

ಅಂಗಡಿಯಲ್ಲಿ ಕೊಂಡದ್ದು ಕೆಟ್ಟ ಮಾಲಾಗಿದ್ದರೆ, ಹಳೇದಾದರೂ 30 ದಿನದೊಳಗೆ ವಾಪಸ್ ಕೊಟ್ಟು ದುಡ್ಡು ಕೇಳುವ ಹಕ್ಕು 2015ರ ಗ್ರಾಹಕ ಕಾಯ್ದೆಯಲ್ಲಿದೆ. ಯಾರದೋ ಮನೆಯಲ್ಲಿ ಕೊಂಡದ್ದಕ್ಕೆ ಈ ರಕ್ಷಣೆ ಇಲ್ಲ. ಚೌಕಾಸಿ ಮೆಸೇಜಿನಲ್ಲೇ ಮುಗಿಸಿ. 40 ಪೌಂಡ್‌ಗೆ ಒಪ್ಪಿ, ಬಾಗಿಲಿಗೆ ಹೋಗಿ 25 ಎನ್ನುವುದು, ಬರುತ್ತೇನೆಂದು ಹೇಳಿ ಹೋಗದೇ ಇರುವುದು, ಇವೆಲ್ಲ ನಮ್ಮ ಜನರಿಗೆಲ್ಲ ಕೆಟ್ಟ ಹೆಸರು ತರುತ್ತವೆ.

ದುಡ್ಡು ಕೊಡುವ ಮುಂಚೆ

ಓಡುತ್ತಿರುವ ಪೆಟ್ಟಿಗೆಯನ್ನೇ ನೋಡಬೇಕು. "ಪ್ಯಾಕ್ ಮಾಡಿಟ್ಟಿದ್ದೇನೆ" ಎಂದರೆ ಬಿಚ್ಚಿಸಿ, ನಾಚಿಕೆ ಬೇಡ. ಎರಡು ಬೇರೆ ಬೇರೆ ಚಾನೆಲ್ ಒಟ್ಟಿಗೆ ರೆಕಾರ್ಡ್‌ಗೆ ಹಾಕಿಸಿ. ಅದು ನಡೆಯುತ್ತಿರುವಾಗಲೇ ಹಳೇ ರೆಕಾರ್ಡಿಂಗ್ ಒಂದನ್ನು ಹಚ್ಚಿ, ಮಧ್ಯಕ್ಕೆ ಓಡಿಸಿ. ಡಿಸ್ಕ್ ಸೋತಿದ್ದರೆ ಚಿತ್ರ ನಿಂತು ನಿಂತು ಬರುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ. ಕಿವಿ ಹತ್ತಿರ ಇಟ್ಟು ಕೇಳಿ: ಸಣ್ಣಗೆ ಗುಂಯ್ ಎಂದರೆ ಸರಿ, ಟಿಕ್ ಟಿಕ್ ಎಂದು ತಡವರಿಸಿದರೆ ಬಿಟ್ಟು ಬನ್ನಿ. ಒರಿಜಿನಲ್ ರಿಮೋಟ್, ಪವರ್ ಅಡಾಪ್ಟರ್ ಇದೆಯೇ ನೋಡಿ.

ತಂದ ಮೇಲೆ

- ಫ್ಯಾಕ್ಟರಿ ರೀಸೆಟ್ ಮಾಡಿ, ಡಿಸ್ಕ್ ಫಾರ್ಮ್ಯಾಟ್ ಮಾಡಿ
- ಚಾನೆಲ್ ಹೊಸದಾಗಿ ಟ್ಯೂನ್ ಮಾಡಿ
- ಗೋಡೆಯಿಂದ ಕೇಬಲ್ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಟಿವಿಗೆ ಎಚ್‌ಡಿಎಂಐ
- ಮುಚ್ಚಿದ ಶೋಕೇಸಿನೊಳಗೆ ಇಡಬೇಡಿ, ಮೇಲೆ ಕ್ರೋಶಾ ಬಟ್ಟೆ ಹೊದಿಸಬೇಡಿ, ಬಿಸಿಯಾಗುತ್ತದೆ
- ರಾತ್ರಿ ಗೋಡೆಯ ಸ್ವಿಚ್ ಆರಿಸುವ ಅಭ್ಯಾಸ ಬಿಡಿ, ಬೆಳಗಿನ ಜಾವದ ರೆಕಾರ್ಡಿಂಗ್ ಆಗುವುದಿಲ್ಲ

ಎಚ್‌ಡಿ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಆ ಪೆಟ್ಟಿಗೆಗೇ ಬೀಗ ಹಾಕಿರುತ್ತವೆ, ಡಿಸ್ಕ್ ಕಿತ್ತು ಇನ್ನೊಂದಕ್ಕೆ ಹಾಕಿದರೆ ಓಡುವುದಿಲ್ಲ. ಮಗುವಿನ ಸ್ಕೂಲು ಟಿವಿಯಲ್ಲಿ ಬಂತು ಎಂದು ಹಿಡಿದಿಟ್ಟದ್ದು ಇದ್ದರೆ ಪೆಟ್ಟಿಗೆ ಕೆಡುವ ಮುಂಚೆಯೇ ಫೋನಿನಲ್ಲಿ ಒಂದು ವಿಡಿಯೋ ತೆಗೆದಿಟ್ಟುಕೊಳ್ಳಿ. ಕೆಟ್ಟ ಪೆಟ್ಟಿಗೆಯನ್ನು ಮನೆಯ ಬಿನ್‌ಗೆ ಹಾಕಬೇಡಿ, ಕೌನ್ಸಿಲ್‌ನ ರೀಸೈಕ್ಲಿಂಗ್ ಸೆಂಟರಿಗೆ ಒಯ್ಯಿರಿ. ರಿಮೋಟ್ ಮಾತ್ರ ಇಟ್ಟುಕೊಂಡಿರಿ, ಗ್ರೂಪಿನಲ್ಲಿ ಯಾರಿಗಾದರೂ ಬೇಕಾಗುತ್ತದೆ.