ಒಂದು ಹಿಡಿ ಬಾದಾಮಿ, ಒಂದು ಬಟ್ಟಲು ಮೊಳಕೆ ಕಾಳು: ತೂಗಿ ನೋಡಿದ ಮೇಲೆ

ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಮಗಳು ಬೆಳೆಯುವ ವಯಸ್ಸಿನವಳು. ಇಬ್ಬರಿಗೂ ಸಂಜೆ ಹೊತ್ತು ತಿನ್ನಲು ಏನಾದರೂ ಬೇಕು, ಅದು ಬಿಸ್ಕತ್ತು, ಮಿಕ್ಸ್ಚರ್ ಆಗಬಾರದು. ಬಾದಾಮಿ, ಗೋಡಂಬಿ ಕೊಡುವುದೋ, ಮೊಳಕೆ ಕಾಳು ಕೊಡುವುದೋ ಅನ್ನುವ ಮಾತು ನಮ್ಮ ಮನೆಯಲ್ಲಿ ಎದ್ದದ್ದು ಹೀಗೆ. ಅತ್ತೆ ಮೊದಲಿನಿಂದಲೂ ಕಾಳಿನ ಕಡೆಯವರು. "ಅಷ್ಟೊಂದು ದುಡ್ಡು ಯಾಕಮ್ಮ ಸುರೀತೀಯ, ಹೆಸರುಕಾಳು ಕಟ್ಟಿಟ್ರೆ ಸಾಲ್ದಾ?" ಅನ್ನುತ್ತಿದ್ದರು. ಸಾಲುತ್ತದಾ ಅಂತ ನೋಡಲು ನಾನು ತಕ್ಕಡಿ ಇಟ್ಟುಕೊಂಡು ಕೂತೆ.

ಹುಡುಕಿದರೆ ಎಲ್ಲ ಕಡೆ ಸಿಗುವುದು ನೂರು ಗ್ರಾಂ ಲೆಕ್ಕ. 100 ಗ್ರಾಂ ಬಾದಾಮಿಯಲ್ಲಿ ಪ್ರೋಟೀನ್ ಸುಮಾರು 20 ಗ್ರಾಂ, 100 ಗ್ರಾಂ ಹೆಸರುಕಾಳಿನ ಮೊಳಕೆಯಲ್ಲಿ ಬರೀ 3 ಗ್ರಾಂ. ಇದನ್ನು ನೋಡಿದ ಯಾರಿಗಾದರೂ ಮೊಳಕೆ ಕಾಳಿನ ಮೇಲೆ ನಂಬಿಕೆ ಹೋಗುತ್ತದೆ. ಆದರೆ ಆ 3 ಗ್ರಾಂ ಚೈನೀಸ್ ಅಡುಗೆಗೆ ಹಾಕುತ್ತಾರಲ್ಲ, ಬೆರಳುದ್ದದ ಬಿಳೀ ಮೊಳಕೆ, ಅದರದ್ದು. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನಾವು ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳೀ ಬಾಲ ಇಣುಕಿದ ಕೂಡಲೇ ತೆಗೆಯುವ ಕಾಳು ಅದಲ್ಲ.

ಅದಕ್ಕೇ ನಾನು ಒಣಕಾಳಿನಿಂದ ಲೆಕ್ಕ ಶುರು ಮಾಡಿದೆ. 50 ಗ್ರಾಂ ಒಣ ಹೆಸರುಕಾಳು ತೂಗಿ ನೆನೆಹಾಕಿದರೆ, ಮೊಳಕೆ ಬಂದ ಮೇಲೆ ತೂಕ 100 ಗ್ರಾಂ ದಾಟುತ್ತದೆ. ಹೆಚ್ಚಾದದ್ದೆಲ್ಲ ನೀರು. ಒಳಗಿನ ಪ್ರೋಟೀನ್ ಎಲ್ಲಿಗೂ ಹೋಗುವುದಿಲ್ಲ, 11-12 ಗ್ರಾಂ ಹೆಚ್ಚೂಕಮ್ಮಿ ಹಾಗೇ ಇರುತ್ತದೆ. ಕ್ಯಾಲೊರಿ ಸುಮಾರು 170. ಇನ್ನು ಬಾದಾಮಿ. ಒಂದು ಹಿಡಿ ಅಂದರೆ 30 ಗ್ರಾಂ. ಅದರಲ್ಲೂ ಹತ್ತಿರ ಹತ್ತಿರ 170 ಕ್ಯಾಲೊರಿ, ಪ್ರೋಟೀನ್ ಮಾತ್ರ 6 ಗ್ರಾಂ. ಅಂದರೆ ಅಷ್ಟೇ ಕ್ಯಾಲೊರಿಗೆ ಕಾಳಿನಲ್ಲಿ ಎರಡರಷ್ಟು ಪ್ರೋಟೀನ್. ನಾರಿನ ಅಂಶವೂ ಸುಮಾರು ಎರಡರಷ್ಟು. ಕಬ್ಬಿಣ ಇನ್ನೂ ಜಾಸ್ತಿ. ಬೆಲೆ ನೋಡಿದರಂತೂ ಬಾದಾಮಿ ಹಲವು ಪಟ್ಟು ದುಬಾರಿ. ಅತ್ತೆಯ ಮಾತು ಇಲ್ಲಿಯವರೆಗೆ ಪೂರ್ತಿ ಸರಿ.

ಆದರೆ ಲೆಕ್ಕ ಅಲ್ಲಿಗೇ ನಿಲ್ಲಿಸಿದರೆ ಬಾದಾಮಿಗೆ ಅನ್ಯಾಯ. ಆ ಒಂದು ಹಿಡಿಯಲ್ಲಿ 15 ಗ್ರಾಂ ಕೊಬ್ಬಿದೆ, ಹೆಚ್ಚಿನ ಪಾಲು ಹೃದಯಕ್ಕೆ ಒಳ್ಳೆಯದಾದ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು. ವಿಟಮಿನ್ ಇ 7 ಮಿಲಿಗ್ರಾಂ ಮೇಲಿದೆ. ಹೆಸರುಕಾಳಿನಲ್ಲಿ ಕೊಬ್ಬು ಒಂದು ಗ್ರಾಂ ಕೂಡ ಇಲ್ಲ, ವಿಟಮಿನ್ ಇ ಕೂಡ ಅಷ್ಟಕ್ಕಷ್ಟೆ. ಮೀನು ತಿನ್ನದವರಿಗೆ ಅಕ್ರೋಟು ಬೇರೆಯೇ ಕಾರಣಕ್ಕೆ ಮುಖ್ಯ. ಅದರಲ್ಲಿ ಒಮೆಗಾ-3 ಕೊಬ್ಬು ಚೆನ್ನಾಗಿದೆ.

ಅತ್ತೆಯ ವಿಷಯಕ್ಕೆ ಬಂದರೆ ಇನ್ನೊಂದು ಸಂಗತಿ ಇದೆ. 50 ಗ್ರಾಂ ಹೆಸರುಕಾಳಿನಲ್ಲಿ ಕಾರ್ಬೋಹೈಡ್ರೇಟ್ ನಾರು ಸೇರಿ 30 ಗ್ರಾಂ ಹತ್ತಿರ ಇರುತ್ತದೆ, ಒಂದು ಹಿಡಿ ಬಾದಾಮಿಯಲ್ಲಿ 6-7 ಗ್ರಾಂ. ಕಾಳು ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ ನಿಜ, ಆದರೆ ಏರಿಸುತ್ತದೆ. ಮೊಳಕೆ ಕಾಳು ಎಷ್ಟು ತಿಂದರೂ ಏನೂ ಆಗಲ್ಲ ಅಂತ ಸಕ್ಕರೆ ಕಾಯಿಲೆಯವರಿಗೆ ಹೇಳುವವರನ್ನು ನಂಬಬೇಡಿ. ಅತ್ತೆಗೆ ನಾನು ಚಿಕ್ಕ ಬಟ್ಟಲಲ್ಲಿ ಕಾಳು ಹಾಕಿ, ಮೇಲೆ ಹುರಿದ ಕಡಲೆಕಾಯಿ ಬೀಜ ಕುಟ್ಟಿ ಉದುರಿಸುತ್ತೇನೆ. ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ರಾತ್ರಿ ಊಟದವರೆಗೂ ಬೇರೇನೂ ಕೇಳುವುದಿಲ್ಲ.

ಕಡಲೆಕಾಯಿಯನ್ನು ಬಡವರ ಬಾದಾಮಿ ಅನ್ನುತ್ತಾರೆ. ನನಗೆ ಆ ಮಾತು ಇಷ್ಟವಿಲ್ಲ, ಅದು ಬಾದಾಮಿಗೆ ಯಾವುದರಲ್ಲಿ ಕಮ್ಮಿ? 30 ಗ್ರಾಂ ಬೀಜದಲ್ಲಿ ಪ್ರೋಟೀನ್ 7 ಗ್ರಾಂ ದಾಟುತ್ತದೆ, ಬಾದಾಮಿಗಿಂತ ಜಾಸ್ತಿ. ಹಾಗೆ ನೋಡಿದರೆ ಅದು ಮರದ ಬೀಜವೂ ಅಲ್ಲ, ಹೆಸರು, ಹುರುಳಿ, ಅಲಸಂದೆಯ ಕುಟುಂಬದ್ದೇ. ಚಳ್ಳಕೆರೆ, ಪಾವಗಡದ ಕಡೆ ಬೆಳೆಯುವ ಬೀಜ ಕೈಗೆ ಸಿಗುವಾಗ ದೂರದ ದೇಶದಿಂದ ಬಂದ ಬಾದಾಮಿಯೇ ಬೇಕು ಅಂತ ಹಟ ಮಾಡಬೇಕಿಲ್ಲ. ಒಂದೇ ಎಚ್ಚರಿಕೆ: ಸುಕ್ಕಾದ, ಬಣ್ಣ ಕೆಟ್ಟ, ಬೂಷ್ಟು ಹಿಡಿದ ಬೀಜ ಆರಿಸಿ ಎಸೆಯಿರಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಅನ್ನುವ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ತಟ್ಟೆಗೆ ದಿನಕ್ಕೆ ಬೇಳೆಕಾಳು 85 ಗ್ರಾಂ (ಮೊಟ್ಟೆ, ಮಾಂಸ ತಿನ್ನುವವರಿಗೆ ಅದೂ ಇದರಲ್ಲೇ), ಬೀಜಗಳು 35 ಗ್ರಾಂ ಅಂತ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಇದನ್ನು ನೋಡಿದ ಮೇಲೆ ಯಾವುದು ಗೆದ್ದಿತು ಅನ್ನುವ ಪ್ರಶ್ನೆಯನ್ನೇ ನಾನು ಬಿಟ್ಟೆ. ಇವತ್ತು ಊಟದಲ್ಲಿ ಏನು ಕಮ್ಮಿ ಬಿದ್ದಿದೆ ಅಂತ ನೋಡುತ್ತೇನೆ. ಮುದ್ದೆ, ಅನ್ನ ತಿನ್ನುವ ನಮಗೆ ಕಮ್ಮಿ ಬೀಳುವುದು ಲೈಸಿನ್ ಅನ್ನುವ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟಲು ಬೇಕಾದ ಒಂದು ತುಣುಕು. ಅದು ಕಾಳುಗಳಲ್ಲಿ ಧಾರಾಳ, ಬಾದಾಮಿಯಲ್ಲಿ ಕಮ್ಮಿ. ಮುದ್ದೆಗೆ ಮೊಳಕೆ ಹುರುಳಿಕಾಳಿನ ಸಾರು ಹೊಂದುವುದು ರುಚಿಗೆ ಮಾತ್ರ ಅಲ್ಲ.

ಮೊಳಕೆ ಕಟ್ಟುವುದರಿಂದ ಪ್ರೋಟೀನ್ ಹೆಚ್ಚುವುದಿಲ್ಲ. ಆಗುವ ಲಾಭ ಬೇರೆ. ಒಣಕಾಳಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟಿದ್ದ ವಿಟಮಿನ್ ಸಿ ಹುಟ್ಟುತ್ತದೆ. ಕಬ್ಬಿಣ, ಸತುವನ್ನು ಕಟ್ಟಿಹಾಕುವ ಫೈಟಿಕ್ ಆಮ್ಲ ಇಳಿಯುತ್ತದೆ. ಹೊಟ್ಟೆಯುಬ್ಬರ ತರುವ ಸಕ್ಕರೆಗಳೂ ಕರಗುತ್ತವೆ.

ನಾನು ಕಾಳನ್ನು ನೀರು ತಿಳಿಯಾಗುವವರೆಗೂ ತೊಳೆದು ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆ ಅಂಗೈಯಲ್ಲಿ ಹರಡಿ ನೋಡಿದರೆ ಒಂದೆರಡು ಕಾಳು ಉಬ್ಬದೆ ಕಲ್ಲಿನ ಹಾಗೆ ಉಳಿದಿರುತ್ತವೆ, ಅವನ್ನು ತೆಗೆಯುತ್ತೇನೆ, ಅಲ್ಲದಿದ್ದರೆ ಹಲ್ಲಿಗೆ ಸಿಕ್ಕುತ್ತವೆ. ನೀರು ಪೂರ್ತಿ ಬಸಿಯಬೇಕು. ತಳದಲ್ಲಿ ನೀರು ನಿಂತರೆ ಕಾಳು ಲೋಳೆಯಾಗುತ್ತದೆ. ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದರೆ ಬೇಸಿಗೆಯಲ್ಲಿ ಸಂಜೆಗೇ ಬಾಲ ಬರುತ್ತದೆ, ಚಳಿಗಾಲದಲ್ಲಿ ಮರುದಿನ. ಹುರುಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಹುಳಿ ವಾಸನೆ ಬಂದರೆ ತೊಳೆದು ಬಳಸುವ ಯೋಚನೆ ಬೇಡ, ಎಸೆದುಬಿಡಿ.

ಹಸಿ ಮೊಳಕೆಯೇ ಶ್ರೇಷ್ಠ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಕ್ಕೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ-ಕೋಲಿ ಹರಡಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಹಸಿ ಮೊಳಕೆ ತಿನ್ನಲೇಬಾರದು. ನಮ್ಮಲ್ಲಿ ಹಬೆಯಲ್ಲಿ ಬೇಯಿಸಿ ಉಸಲಿ ಮಾಡುತ್ತೇವೆ. ವಿಟಮಿನ್ ಸಿ ಸ್ವಲ್ಪ ಹೋಗುತ್ತದೆ, ಅದಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಆಯ್ತು. ಕಬ್ಬಿಣ ಮೈಗೆ ಹತ್ತಲೂ ಅದು ನೆರವಾಗುತ್ತದೆ.

ಮಗಳ ಶಾಲೆಯ ಡಬ್ಬಿಗೆ ಉಸಲಿ ಮಧ್ಯಾಹ್ನದೊಳಗೆ ಹಳಸುವ ಭಯ, ಹಾಗಾಗಿ ಅಲ್ಲಿಗೆ ಬಾದಾಮಿ, ಕಡಲೆಕಾಯಿ ಬೀಜ ಹೋಗುತ್ತದೆ. ಉಸಲಿ ಮನೆಗೆ ಬಂದ ಮೇಲೆ. ಬಿ12 ಮಾತ್ರ ಬಾದಾಮಿಯಲ್ಲೂ ಇಲ್ಲ, ಮೊಳಕೆಯಲ್ಲೂ ಇಲ್ಲ. ನಮ್ಮದು ಸಸ್ಯಾಹಾರದ ಮನೆಯಾದ್ದರಿಂದ ಹಾಲು, ಮೊಸರು ತಪ್ಪಿಸುವುದಿಲ್ಲ, ಅತ್ತೆಗೆ ವೈದ್ಯರು ಬರೆದುಕೊಟ್ಟ ಮಾತ್ರೆಯೂ ಇದೆ.