ಮೊದಲು ಏರಿ, ಆಮೇಲೆ ಬೀಜ: ಮಳೆಗಾಲಕ್ಕೆ ಹಿತ್ತಲ ತರಕಾರಿ

ನಮ್ಮ ಕುಮಟಾ, ಅಂಕೋಲಾ ಕಡೆ ಮಳೆಗಾಲದಲ್ಲಿ ಪೇಟೆಯ ತರಕಾರಿ ಹೆಚ್ಚಾಗಿ ಘಟ್ಟ ಇಳಿದೇ ಬರಬೇಕು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದು ಯಾರಿಗೂ ಮರೆತಿಲ್ಲ. ರಸ್ತೆ ಕಟ್ಟಿದ ದಿನವೂ ಮನೆಯಲ್ಲಿ ಹುಳಿಗೆ ನಾಲ್ಕು ಬೆಂಡೆ, ಒಂದು ಕಟ್ಟು ಬಸಳೆ ಇರಬೇಕು. ಅದಕ್ಕೆ ದೊಡ್ಡ ತೋಟ ಬೇಡ, ಬಾವಿಕಟ್ಟೆ ಪಕ್ಕದ ಜಾಗ ಸಾಕು. ಐದಾರು ತಾಸು ಬಿಸಿಲು ಬೀಳಬೇಕು, ಅಷ್ಟೇ.

ಈಗ ಏರಿ, ಅಂದರೆ ಮಣ್ಣು ಎತ್ತರಿಸಿ ಮಾಡುವ ಮಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸಮತಟ್ಟು ನೆಲದಲ್ಲಿ ಬಿತ್ತಿದರೆ ಬುಡದಲ್ಲಿ ನೀರು ನಿಂತು, ಬೇರಿಗೆ ಗಾಳಿ ಸಿಗದೆ ಗಿಡ ಹಳದಿಯಾಗುತ್ತದೆ. ಆಗ ಜನ ಗೊಬ್ಬರ ಸಾಲದು ಅಂದುಕೊಂಡು ಯೂರಿಯಾ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕೊಳೆಯುವ ಬೇರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಏಪ್ರಿಲ್ ಕೊನೆಗೇ ಕೆಲಸ ಶುರು ಮಾಡಿ. ಒಂದು ಅಡಿ ಗುಂಡಿ ತೋಡಿ ಒಂದು ಕೊಡ ನೀರು ಸುರಿಯಿರಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಏರಿ ಒಂದೂವರೆ ಅಡಿ ಎತ್ತರ ಬೇಕು, ಇಂಗಿದ್ದರೆ ಒಂದು ಅಡಿ ಸಾಕು. ಅಗಲ ಮೂರು ಅಡಿ ದಾಟಬಾರದು, ಎರಡೂ ಕಡೆಯಿಂದ ಕೈ ಎಟುಕಬೇಕಲ್ವಾ? ಎರಡು ಏರಿಗಳ ನಡುವಿನ ಕಾಲುವೆ ಇಳಿಜಾರಿನತ್ತಲೇ ಹರಿದು ಹೊರಗೆ ಹೋಗಬೇಕು. ಕಾಲುವೆಯ ಬಾಯಿ ಕಟ್ಟಿಕೊಂಡಿದ್ದರೆ ಏರಿ ಎಷ್ಟು ಎತ್ತರ ಮಾಡಿದರೂ ಸುಮ್ನೆ. ಮಣ್ಣಿಗೆ ಹಳೆಯ ಸಗಣಿ ಗೊಬ್ಬರ, ಸುಡುಮಣ್ಣು (ಕಸಕಡ್ಡಿ ಜೊತೆ ಸುಟ್ಟ ಮಣ್ಣು) ಬೆರೆಸಿ. ಹಸಿ ಸಗಣಿ ಬೇಡವೇ ಬೇಡ, ಬೇರು ಸುಡುತ್ತದೆ. ಕೊನೆಗೆ ಮೇಲೆ ನಾಲ್ಕು ಬೆರಳು ದಪ್ಪ ಒಣ ಎಲೆ ಹೊದಿಸಿ, ಬೀಜ ಬಿತ್ತುವ ಜಾಗ ಮಾತ್ರ ಬಿಡಿ. ಇಲ್ಲದಿದ್ದರೆ ಮಳೆಹನಿ ಬಡಿದು ಮಣ್ಣು ಎಲೆಗೆ ಸಿಡಿಯುತ್ತದೆ, ಅದರ ಜೊತೆಗೇ ರೋಗವೂ ಹತ್ತುತ್ತದೆ.

ಗ್ರೋಬ್ಯಾಗ್‌ನಲ್ಲಿ (ಗಿಡ ಬೆಳೆಸುವ ಚೀಲ) ಬೆಳೆಯುತ್ತೇನೆ ಅನ್ನುವವರು ಅದನ್ನು ಮಾಡಿನ ಕೆಳಗೆ ಇಡಿ. ಪೊಟ್ಟಣದಲ್ಲಿ ಬರುವ ತೆಂಗಿನ ನಾರಿನ ಪುಡಿ ಬರೀ ನೀರು ಹಿಡಿದಿಡುತ್ತದೆ, ಮಳೆಗಾಲಕ್ಕೆ ಅದು ಬೇಡ.

ಮೇ ಎರಡನೇ ವಾರದೊಳಗೆ ಬಿತ್ತಿ. ದೊಡ್ಡ ಮಳೆ ಬರುವ ಹೊತ್ತಿಗೆ ಸಸಿಗೆ ನಾಲ್ಕೆಲೆ ಆಗಿ ಬೇರು ಕಚ್ಚಿರಬೇಕು. ಬೆಂಡೆ, ಹೀರೆ, ಮೊಗೆ (ಸಾಂಬಾರು ಸೌತೆ), ಹಾಗಲ ಬರುತ್ತವೆ. ಟೊಮೆಟೊ ಆಸೆ ಬಿಡಿ, ಈ ಮಳೆಯಲ್ಲಿ ಅದು ಸೊರಗಿ ಸಾಯುತ್ತದೆ. ಬಸಳೆ ಬಳ್ಳಿಯ ತುಂಡು ಊರಿದರೆ ಸಾಕು. ಬಚ್ಚಲ ನೀರು ಹರಿಯುವ ಕಡೆ ಕೆಸು ನೆಡಿ. ಬಳ್ಳಿಗಳಿಗೆ ಚಪ್ಪರವನ್ನು ಮಳೆಗೆ ಮೊದಲೇ ಕಟ್ಟಿ, ಆಮೇಲೆ ಗೂಟ ನಿಲ್ಲುವುದಿಲ್ಲ.

ಬೆಂಡೆ ಐವತ್ತು ದಿನದೊಳಗೆ ಕೊಯ್ಲಿಗೆ ಬರುತ್ತದೆ. ಎರಡು ದಿನಕ್ಕೊಮ್ಮೆ ಕೊಯ್ಯಿರಿ, ತಡ ಮಾಡಿದರೆ ನಾರಾಗುತ್ತದೆ. ಒಳ್ಳೆಯ ಎರಡು ಗಿಡದ ಕಾಯಿ ಮಾತ್ರ ಹಾಗೇ ಒಣಗಲು ಬಿಟ್ಟು, ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ, ಡಬ್ಬಿಯಲ್ಲಿ ಇಡಿ. ಹೈಬ್ರಿಡ್ ಆದರೆ ಮುಂದಿನ ವರ್ಷ ಅದೇ ಗುಣದ ಕಾಯಿ ಸಿಗುವುದಿಲ್ಲ. ಅದಕ್ಕೇ ಮೊದಲ ಸಲ ಪಕ್ಕದ ಮನೆ ಅಜ್ಜಿಯ ಹತ್ತಿರ ಊರಿನ ಬೀಜವನ್ನೇ ಕೇಳಿ ತನ್ನಿ.