ಕ್ಯಾಲೆಂಡರಿನ ಹಾಳೆಯ ಮೇಲೆ ಡಾ ವಿಂಚಿ ಕೋಡ್

ಕಳೆದ ಮಳೆಗಾಲದಲ್ಲಿ ಅಟ್ಟ ಗುಡಿಸುವಾಗ ಹಳೆಯ ಪ್ಲೇಸ್ಟೇಷನ್ 2 ವಿಡಿಯೋ ಗೇಮ್ ಯಂತ್ರ ಸಿಕ್ಕಿತು. ಜೊತೆಗೆ ಧೂಳು ಮೆತ್ತಿದ ಒಂದು ಡಿಸ್ಕ್: 'ದ ಡಾ ವಿಂಚಿ ಕೋಡ್'. ಡ್ಯಾನ್ ಬ್ರೌನ್ ಅವರ ಕಾದಂಬರಿ ಬಂದದ್ದು 2003ರಲ್ಲಿ. 2006ರ ಮೇ ತಿಂಗಳಲ್ಲಿ ಸಿನಿಮಾ ತೆರೆಕಂಡಾಗ ಈ ಆಟವೂ ಅಂಗಡಿಗೆ ಬಂದಿತ್ತು. ಆದರೆ ಆಟದಲ್ಲಿರುವುದು ಸಿನಿಮಾದ ನಾಯಕ ಟಾಮ್ ಹ್ಯಾಂಕ್ಸ್ ಮುಖವಲ್ಲ. ಯಾರೋ ಒಬ್ಬ ಲ್ಯಾಂಗ್‌ಡನ್, ಯಾರೋ ಒಬ್ಬಳು ಸೋಫಿ. ಅವರನ್ನು ಕಟ್ಟಿಕೊಂಡು ಪ್ಯಾರಿಸ್, ಲಂಡನ್ ಸುತ್ತಬೇಕು, ಒಗಟು ಬಿಡಿಸಬೇಕು, ಅಡ್ಡ ಬಂದವರೊಡನೆ ಬಡಿದಾಡಬೇಕು.

ಬಡಿದಾಟದ ವಿಷಯ ಬೇಗ ಮುಗಿಸುತ್ತೇನೆ. ಕೈ ಕೈ ಮಿಲಾಯಿಸಿದಾಗ ಪರದೆಯ ಮೇಲೆ ಗುಂಡಿಗಳ ಸರಣಿ ಮೂಡುತ್ತದೆ. ಗಡುವಿನೊಳಗೆ ಅದೇ ಕ್ರಮದಲ್ಲಿ ಒತ್ತಬೇಕು. ನನ್ನ ಬೆರಳು ಈಗ ಅಷ್ಟು ಚುರುಕಲ್ಲ. ಮಗ್ಗಿ ಹೇಳುವ ಹಾಗೆ 'ಚೌಕ, ತ್ರಿಕೋನ, ಗುಣಿಸು, ಸೊನ್ನೆ' ಎಂದು ಬಾಯಲ್ಲಿ ಹೇಳುತ್ತಾ ಒತ್ತತೊಡಗಿದ ಮೇಲೆ ಗೆದ್ದೆ. ಗೆದ್ದರೂ ಬೇಸರವೇ. ಲ್ಯಾಂಗ್‌ಡನ್‌ನಂಥ ಚಿಹ್ನೆಗಳ ಪ್ರಾಧ್ಯಾಪಕನೊಬ್ಬ ಹೆಜ್ಜೆಗೊಬ್ಬರನ್ನು ಗುದ್ದುತ್ತಾ ಹೋಗುವುದು ನನಗಂತೂ ಒಗ್ಗಲಿಲ್ಲ.

ಕಾದಂಬರಿ ಓದಿದ್ದರಿಂದ ನನಗೆ ಇನ್ನೊಂದು ತೊಂದರೆ: ದೊಡ್ಡ ಒಗಟುಗಳ ಉತ್ತರ ಮೊದಲೇ ಗೊತ್ತು. ಅದಕ್ಕೆ ಕಂಡುಕೊಂಡ ಪರಿಹಾರ ಅಪ್ಪ. ನಿವೃತ್ತ ಕನ್ನಡ ಮೇಷ್ಟ್ರು, ದಿನಾ ಬೆಳಿಗ್ಗೆ ಪದಬಂಧ ತುಂಬದೆ ಕಾಫಿ ಮುಟ್ಟುವವರಲ್ಲ. ಕಾದಂಬರಿ ಓದಿದವರಲ್ಲ. ಲೂವ್ರ್ ವಸ್ತುಸಂಗ್ರಹಾಲಯದ ನೆಲದ ಮೇಲೆ ಸಾಯುತ್ತಿರುವವನು ಬರೆದಿಟ್ಟ ಸಾಲನ್ನು ಅವರ ಮುಂದಿಟ್ಟೆ: 'ಓ ಡ್ರೇಕೋನಿಯನ್ ಡೆವಿಲ್, ಓ ಲೇಮ್ ಸೇಂಟ್'. ಅಕ್ಷರಪಲ್ಲಟ ಮಾಡಿದರೆ ಬೇರೆ ಮಾತು ಹೊರಡಬೇಕು.

ಕನ್ನಡದಲ್ಲಿ ಬರೆದುಕೊಂಡರೆ ಈ ಕೆಲಸ ಆಗುವುದಿಲ್ಲ. ನಮ್ಮ ಗುಣಿತಾಕ್ಷರ ಸ್ವರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡುತ್ತದೆ. ಒತ್ತಕ್ಷರವನ್ನು ಬಿಡಿಸಿ ಬೇರೆಡೆ ಕೂರಿಸಲು ಬರುವುದಿಲ್ಲ. ಅಪ್ಪ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಇಪ್ಪತ್ತಾರು ಚೂರು ಮಾಡಿ, ಒಂದೊಂದರ ಮೇಲೆ ಆ ಸಾಲಿನ ಒಂದೊಂದು ಇಂಗ್ಲಿಷ್ ಅಕ್ಷರ ಬರೆದರು. ಸ್ವರಗಳನ್ನು ಎಡಕ್ಕೆ ಸರಿಸಿದರು: ಎ ನಾಲ್ಕು, ಓ ಮೂರು, ಐ ಮೂರು, ಇ ಎರಡು, ಒಟ್ಟು ಹನ್ನೆರಡು. ವ್ಯಂಜನ ಹದಿನಾಲ್ಕು. ಅದರಲ್ಲಿ ಟಿ ಒಂದೇ, ಎಚ್ ಒಂದೇ. "ಇವೆರಡೂ ಜೊತೆಗೇ ಇರಬೇಕು" ಎಂದು ಪಕ್ಕಕ್ಕೊಂದು ಇ ಜೋಡಿಸಿ 'ದಿ' ಮಾಡಿ ತೆಗೆದಿಟ್ಟರು. ಉಳಿದವು ಇಪ್ಪತ್ಮೂರು. ವಿ ಒಂಟಿಯಾಗಿತ್ತು. ಅದರ ಸುತ್ತ ಅರ್ಧ ಗಂಟೆ ಚೂರುಗಳನ್ನು ಸರಿಸಾಡಿದವರು, ಇದ್ದಕ್ಕಿದ್ದಂತೆ ತಲೆಯೆತ್ತಿ ಕೇಳಿದರು: "ಸತ್ತವನು ಬಿದ್ದಿರುವುದು ಚಿತ್ರಗಳ ನಡುವೆ ಎಂದೆಯಲ್ಲ?" ಆಮೇಲೆ ಎರಡೇ ನಿಮಿಷ. ಲಿಯೋನಾರ್ಡೊ ಡಾ ವಿಂಚಿ, ದಿ ಮೋನಾ ಲೀಸಾ.

ಅದೇ ನೆಲದ ಮೇಲಿನ ಅಂಕಿಗಳು 13-3-2-21-1-1-8-5. ಇದು ಅಪ್ಪನಿಗೆ ಕಷ್ಟವಾಗಬಹುದು ಎಂದುಕೊಂಡಿದ್ದೆ. ಅವರು ಸಣ್ಣದರಿಂದ ದೊಡ್ಡದಕ್ಕೆ 1-1-2-3-5-8-13-21 ಎಂದು ಜೋಡಿಸಿಕೊಂಡು ನಕ್ಕರು.

"ಇದು ನಮ್ಮ ಪ್ರಸ್ತಾರವಲ್ಲವೇನೋ! ಮೂರು ಮಾತ್ರೆಯ ಗಣವನ್ನು ಲಘು-ಗುರುಗಳಿಂದ ಎಷ್ಟು ಬಗೆಯಲ್ಲಿ ಕಟ್ಟಬಹುದು?"

ಹೈಸ್ಕೂಲಿನ ಭಯ ಮರುಕಳಿಸಿತು. ಮೂರು ಲಘು, ಲಘು-ಗುರು, ಗುರು-ಲಘು. "ಮೂರು" ಎಂದೆ.

"ನಾಲ್ಕು ಮಾತ್ರೆಗೆ ಐದು, ಐದು ಮಾತ್ರೆಗೆ ಎಂಟು. ಹಿಂದಿನ ಎರಡನ್ನು ಕೂಡಿಸುತ್ತಾ ಹೋಗು. ಷಟ್ಪದಿಯಲ್ಲಿ ಲಘು-ಗುರುವಿನಿಂದ ಗಣ ಶುರುವಾಗಕೂಡದು, ಅದು ಬೇರೆ ಮಾತು."

ಇಟಲಿಯ ಗಣಿತಜ್ಞ ಫಿಬೊನಾಚಿ ಈ ಸರಣಿಯನ್ನು ಬರೆದದ್ದು 1202ರಲ್ಲಿ. ಜೈನ ವಿದ್ವಾಂಸ ಹೇಮಚಂದ್ರ ಹನ್ನೆರಡನೆಯ ಶತಮಾನದಲ್ಲೇ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ಹೇಳಿದ್ದ. ನನಗಿದು ಗೊತ್ತಿತ್ತು, ಆದರೆ ಭಾಮಿನಿ ಷಟ್ಪದಿ ಕಲಿಯುವಾಗ ಇದನ್ನೇ ಬರೆಯುತ್ತಿದ್ದೆ ಎಂಬುದು ಎಂದೂ ಹೊಳೆದಿರಲಿಲ್ಲ.

"ಇದರಲ್ಲಿ ಬರುವುದೆಲ್ಲ ನಿಜವೇ?" ಎಂದು ಅಪ್ಪ ಒಮ್ಮೆ ಕೇಳಿದರು. ಸ್ವಲ್ಪ ನಿಜ, ಸ್ವಲ್ಪ ಸುಳ್ಳು. ಲಿಯೋನಾರ್ಡೊ ಕನ್ನಡಿಯಲ್ಲಿ ಓದುವಂತೆ ಬಲದಿಂದ ಎಡಕ್ಕೆ ಬರೆಯುತ್ತಿದ್ದದ್ದು ನಿಜ. ಕಾದಂಬರಿಯಲ್ಲಿ ಬರುವ, ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ಚರ್ಚಿನ ಹಿತ್ತಾಳೆಯ ಗೆರೆಯೂ ಇದೆ, ಆದರೆ ಅದು ಈಸ್ಟರ್ ಲೆಕ್ಕಕ್ಕಾಗಿ ಹದಿನೆಂಟನೆಯ ಶತಮಾನದಲ್ಲಿ ಹಾಕಿದ ಸೂರ್ಯಮಾಪಕ. ಸರಿಯಾದ ಪದ ಜೋಡಿಸಿದರಷ್ಟೇ ತೆರೆಯುವ, ಐದು ಅಕ್ಷರಗಾಲಿಗಳ ಗುಪ್ತ ಪೆಟ್ಟಿಗೆ ಕ್ರಿಪ್ಟೆಕ್ಸ್ ಮಾತ್ರ ಪೂರ್ತಿ ಲೇಖಕರ ಕಲ್ಪನೆ. ಸುಮ್ಮನೆ ತಿರುಗಿಸಿ ತೆರೆಯುತ್ತೇನೆ ಎಂದರೆ 1,18,81,376 ಜೋಡಣೆಗಳಿವೆ. ಒಂದಕ್ಕೆ ಐದು ಸೆಕೆಂಡ್ ಹಿಡಿದರೂ ಊಟ ನಿದ್ರೆ ಬಿಟ್ಟು ಎರಡು ವರ್ಷದ ಹತ್ತಿರ ಹತ್ತಿರ ಕೂರಬೇಕು.

ಆ ಮಾತಾಡುತ್ತಿರುವಾಗಲೇ ಕರೆಂಟ್ ಹೋಯಿತು. ಕತ್ತಲಲ್ಲಿ ಕಾದಂಬರಿಯ ಎರಡನೆಯ ಕ್ರಿಪ್ಟೆಕ್ಸ್ ಒಗಟನ್ನು ಹೇಳಿದೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಸಮಾಧಿ, ಅದರ ಮೇಲೆ ಖಗೋಳದ ದೊಡ್ಡ ಗುಂಡು. ಅಲ್ಲಿ ಇರಬೇಕಾಗಿತ್ತು, ಆದರೆ ಇಲ್ಲದ ಗೋಳ ಯಾವುದು? ಐದು ಅಕ್ಷರ. ಅಪ್ಪ ಗ್ರಹಗಳನ್ನು ಬೆರಳಲ್ಲಿ ಎಣಿಸಿದರು. ಶುಕ್ರ, ಭೂಮಿ ಎರಡಕ್ಕೂ ಇಂಗ್ಲಿಷಿನಲ್ಲಿ ಐದೇ ಅಕ್ಷರ. ಎರಡೂ ಅಲ್ಲ ಎಂದೆ. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

"ಗೋಳ ಎಂದರೆ ಆಕಾಶದಲ್ಲೇ ಇರಬೇಕೇ?" ಎಂದರು ಕೊನೆಗೆ. "ಅವನ ತಲೆಯ ಮೇಲೆ ಬಿತ್ತು ಎನ್ನುತ್ತಾರಲ್ಲ, ಅದೂ ಗುಂಡಗೇ ಇತ್ತು."

ಕರೆಂಟ್ ಬಂದಾಗ ನೋಡಿದರೆ ಸೇವ್ ಮಾಡದ ಮುಕ್ಕಾಲು ಗಂಟೆಯ ಆಟ ಹೋಗಿತ್ತು. ಮತ್ತೆ ಚೌಕ, ತ್ರಿಕೋನ, ಗುಣಿಸು, ಸೊನ್ನೆ. ಅಪ್ಪ ಕಾಗದದ ಚೂರುಗಳನ್ನು ಆರಿಸಿ ಕನ್ನಡಕದ ಡಬ್ಬಿಗೆ ತುಂಬಿಕೊಂಡು ಮಲಗಲು ಹೋದರು.